ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ತೆಗೆಯುವುದು: ಮೇನ್ ಇಳಿಸಿದ ಮೇಲೆ ಏನೇನು ಉಳಿಯುತ್ತದೆ

ಗೀಸರ್ ಸೋರುತ್ತಿದೆ, ಫ್ಯಾನ್ ಬದಲಿಸಬೇಕು, ಸ್ವಿಚ್ ಬೋರ್ಡಿನಿಂದ ಚಟಚಟ ಸದ್ದು ಬರುತ್ತಿದೆ. ಎಲೆಕ್ಟ್ರಿಷಿಯನ್ ಬಂದು "ಮೇನ್ ಆಫ್ ಮಾಡಿ ಸಾರ್" ಅನ್ನುತ್ತಾರೆ. ನಾವು ಬಾಗಿಲ ಪಕ್ಕದ ಡಿಬಿ ಬಾಕ್ಸ್ (ಮನೆಯೊಳಗೆ ಕರೆಂಟ್ ಹಂಚುವ ಪೆಟ್ಟಿಗೆ) ತೆಗೆದು ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆಯುತ್ತೇವೆ. ಸೈಟಿನಲ್ಲಿ ಒಂದೇ ಮನೆ ಇದ್ದ ಕಾಲಕ್ಕೆ ಇಷ್ಟು ಸಾಕಿತ್ತು. ಅಪಾರ್ಟ್‌ಮೆಂಟಿನಲ್ಲಿ ಸಾಕಾಗುವುದಿಲ್ಲ. ಗೋಡೆಯೊಳಗಿನ ಅದೇ ವೈರಿಗೆ ಬೆಂಗಳೂರಿನ ವಿದ್ಯುತ್ ಕಂಪನಿ ಬೆಸ್ಕಾಂನಿಂದ ಕರೆಂಟ್ ಬರಬಹುದು, ಜನರೇಟರಿನಿಂದ ಬರಬಹುದು, ನಿಮ್ಮದೇ ಯುಪಿಎಸ್‌ನಿಂದಲೂ ಬರಬಹುದು. ಒಂದೇ ನಲ್ಲಿಗೆ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಸೇರಿದ ಹಾಗೆ. ಯಾವುದೋ ಒಂದು ವಾಲ್ವ್ ತಿರುಗಿಸಿ ನೀರು ನಿಂತಿತು ಅಂದುಕೊಳ್ಳುವಂತಿಲ್ಲ. ಸಾಲದ್ದಕ್ಕೆ, ನೀವು ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡುವ ಕೈಗಳು ಕಟ್ಟಡದಲ್ಲಿ ಬೇಕಾದಷ್ಟಿವೆ.

ಈ ಲೇಖನ ಫ್ಲಾಟಿನಲ್ಲಿ ಇರುವವರಿಗೆ, ಅಸೋಸಿಯೇಷನ್ ಕಮಿಟಿಯಲ್ಲಿ ಇರುವವರಿಗೆ. ವೈರಿಂಗ್ ಕೆಲಸ ಕಲಿಸುವುದು ಇದರ ಉದ್ದೇಶ ಅಲ್ಲ. ಕೆಲಸ ಮಾಡುವವರು ಬೇರೆಯವರೇ ಇರಲಿ, ಅವರ ಕೈ ವೈರಿಗೆ ತಗಲುವ ಮೊದಲು ಕರೆಂಟ್ ನಿಜವಾಗಿಯೂ ಹೋಗಿದೆಯಾ, ಹೋದದ್ದು ಹೋದ ಹಾಗೇ ಇರುತ್ತದಾ ಅಂತ ನೋಡಿಕೊಳ್ಳುವುದು ಹೇಗೆ, ಅಷ್ಟೇ.

ಮೊದಲು ದಾರಿ ತಿಳಿಯಿರಿ

ಕೆಲಸದ ದಿನಕ್ಕಿಂತ ಮುಂಚೆಯೇ, ಒಂದು ಭಾನುವಾರ ಬಿಡುವು ಮಾಡಿಕೊಂಡು, ಪೇಪರ್ ಪೆನ್ನು ಹಿಡಿದು ಕೆಳಗೆ ಹೋಗಿ. ಸ್ಟಿಲ್ಟ್ ಪಾರ್ಕಿಂಗಿನಲ್ಲೋ ಬೇಸ್‌ಮೆಂಟಿನಲ್ಲೋ ಮೀಟರ್ ಬೋರ್ಡ್ ಇರುತ್ತದೆ. ಬೆಸ್ಕಾಂ ಕೇಬಲ್ ಮೊದಲು ಅಲ್ಲಿನ ದೊಡ್ಡ ಪ್ಯಾನೆಲ್‌ಗೆ ಬಂದು, ಅಲ್ಲಿಂದ ಪ್ರತಿ ಮನೆಯ ಮೀಟರಿಗೆ ಹಂಚಿ ಹೋಗುತ್ತದೆ. ಮೀಟರ್ ದಾಟಿದ ಮೇಲೆ ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗೇ ಬೀಳುವ ಸ್ವಿಚ್) ಅಥವಾ ಐಸೊಲೇಟರ್ (ಕೈಯಲ್ಲೇ ಲೈನ್ ಕಡಿಯುವ ಸ್ವಿಚ್). ಅಲ್ಲಿಂದ ಡಕ್ಟ್ ಹಿಡಿದು ಮೇಲೆ ನಿಮ್ಮ ಡಿಬಿಗೆ. ಕೈಯಲ್ಲಿ ಏನೂ ಮುಟ್ಟಬೇಡಿ, ಕಣ್ಣಲ್ಲಿ ನೋಡಿ ಬರೆದುಕೊಳ್ಳಿ.

ನಿಮ್ಮ ಮೀಟರ್ ಯಾವುದು? ಬೆಸ್ಕಾಂ ಬಿಲ್ಲಿನಲ್ಲಿ ಆರ್‌ಆರ್ ನಂಬರ್ ಇರುತ್ತದೆ, ಅದನ್ನು ಬೋರ್ಡಿನಲ್ಲಿ ಬರೆದದ್ದಕ್ಕೆ ಹೋಲಿಸಿ. ಬೋರ್ಡಿನ ಮೇಲೆ ಮಾರ್ಕರಿನಲ್ಲಿ ಬರೆದ ಫ್ಲಾಟ್ ನಂಬರನ್ನು ಮಾತ್ರ ನಂಬಬೇಡಿ. ಪೇಂಟ್ ಹೊಡೆಸಿದಾಗ ಅಳಿಸಿಹೋಗಿ, ಆಮೇಲೆ ಯಾರೋ ನೆನಪಿನ ಮೇಲೆ ಬರೆದಿರುತ್ತಾರೆ. ಖಾತ್ರಿ ಮಾಡಿಕೊಳ್ಳಲು ಒಂದು ಸುಲಭ ದಾರಿ ಇದೆ. ಡಿಜಿಟಲ್ ಮೀಟರಿನ ಮುಖದ ಮೇಲೆ ಚಿಕ್ಕ ಕೆಂಪು ದೀಪ ಮಿಟುಕುತ್ತಿರುತ್ತದೆ. ಕರೆಂಟ್ ಜಾಸ್ತಿ ಎಳೆದಷ್ಟೂ ಬೇಗ ಬೇಗ ಮಿಟುಕುತ್ತದೆ. ಮನೆಯವರಿಗೆ ಫೋನ್ ಮಾಡಿ ಗೀಸರ್ ಹಾಕಿಸಿ, ಆರಿಸಿ. ಯಾವ ಮೀಟರಿನ ದೀಪ ಹುಚ್ಚು ಹಿಡಿದ ಹಾಗೆ ಮಿಟುಕಿ, ಮತ್ತೆ ನಿಧಾನವಾಗುತ್ತದೋ ಅದೇ ನಿಮ್ಮದು. ಒಂದು ಸ್ಕ್ರೂ ಕೂಡ ಬಿಚ್ಚದೆ ಉತ್ತರ ಸಿಗುತ್ತದೆ.

ಇನ್ನು ಎರಡನೇ ದಾರಿ, ಜನರೇಟರ್. ಹೆಚ್ಚು ಕಡಿಮೆ ಎಲ್ಲ ದೊಡ್ಡ ಅಪಾರ್ಟ್‌ಮೆಂಟುಗಳಲ್ಲೂ ಡಿಜಿ (ಡೀಸೆಲ್ ಜನರೇಟರ್) ಇರುತ್ತದೆ, ಪ್ರತಿ ಮನೆಗೂ ಇಷ್ಟು ವ್ಯಾಟ್ ಅಂತ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಅದಕ್ಕೆ ಡಿಬಿ ಹತ್ತಿರ ಎಸಿಸಿಎಲ್ ಅನ್ನುವ ಸಣ್ಣ ಡಬ್ಬಿ ಇರುತ್ತದೆ. ಅದರೊಳಗೆ ಬೆಸ್ಕಾಂ ಲೈನೂ ಬರುತ್ತದೆ, ಡಿಜಿ ಲೈನೂ ಬರುತ್ತದೆ, ಹೊರಗೆ ಹೋಗುವುದು ಒಂದೇ ಲೈನ್. ಬೆಸ್ಕಾಂ ಇಲ್ಲ ಅಂತ ಕಂಡರೆ ತಾನಾಗೇ ಡಿಜಿಗೆ ತಿರುಗಿಸುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ, ಏಕೆಂದರೆ ಜನ ಎಡವುವುದು ಇಲ್ಲೇ. ಬೆಳಿಗ್ಗೆ ಕೆಳಗೆ ಹೋಗಿ ಮೀಟರ್ ಪಕ್ಕದ ಎಂಸಿಬಿ ಇಳಿಸಿದಿರಿ ಅಂದುಕೊಳ್ಳಿ. ಮನೆಯಲ್ಲಿ ದೀಪ ಹೋಯಿತು. ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿದರು, ಟೆಸ್ಟರ್ ಇಟ್ಟರು, ಉರಿಯಲಿಲ್ಲ. ಕೆಲಸ ಶುರು. ಅರ್ಧ ಗಂಟೆ ಆದ ಮೇಲೆ ಇಡೀ ಏರಿಯಾದಲ್ಲಿ ಕರೆಂಟ್ ಹೋಗುತ್ತದೆ, ನಮ್ಮೂರಲ್ಲಿ ಅದೇನು ಹೊಸದಲ್ಲ. ಕೆಳಗೆ ಜನರೇಟರ್ ತಾನಾಗೇ ಸ್ಟಾರ್ಟ್ ಆಗುತ್ತದೆ. ನಿಮ್ಮ ಎಸಿಸಿಎಲ್ ದೃಷ್ಟಿಯಲ್ಲಿ ಬೆಸ್ಕಾಂ ಆಗಲೇ ಇಲ್ಲ, ಅದು ಡಿಜಿಗೇ ಕಾಯುತ್ತಿತ್ತು. ಕೆಲವೇ ಸೆಕೆಂಡಿನಲ್ಲಿ ಬಿಚ್ಚಿಟ್ಟ ವೈರಿನಲ್ಲಿ 230 ವೋಲ್ಟ್. ಯಾರೂ ಯಾವ ಸ್ವಿಚ್ಚನ್ನೂ ಹಾಕಲಿಲ್ಲ. ಆದ್ದರಿಂದ ಕೆಳಗೆ ಮೀಟರ್ ಹತ್ತಿರ ಆಫ್ ಮಾಡಿದರೆ ಅರ್ಧ ಕೆಲಸ ಅಂತ ತಿಳಿಯಿರಿ. ಎಸಿಸಿಎಲ್ ದಾಟಿದ ಮೇಲೆ ಇರುವ ಮೇನನ್ನೂ ಇಳಿಸಬೇಕು, ನಿಮ್ಮ ಮನೆಗೆ ಬರುವ ಡಿಜಿ ಲೈನಿನ ಎಂಸಿಬಿಯನ್ನೂ ಇಳಿಸಬೇಕು. ಆ ಎಂಸಿಬಿ ಮಹಡಿಯ ಎಲೆಕ್ಟ್ರಿಕಲ್ ಡಕ್ಟಿನಲ್ಲೋ ಕೆಳಗಿನ ಡಿಜಿ ಪ್ಯಾನೆಲ್ಲಿನಲ್ಲೋ ಇರುತ್ತದೆ. ಎಲ್ಲಿದೆ ಅಂತ ಕಟ್ಟಡದ ಎಲೆಕ್ಟ್ರಿಷಿಯನ್ನನ್ನು ಕೇಳಿ ನಿಮ್ಮ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ.

ಮೂರನೆಯದು ಯುಪಿಎಸ್. ಮೇನ್ ಇಳಿಸಿದ ಕೂಡಲೇ ಅದು "ಕರೆಂಟ್ ಹೋಯಿತು" ಅಂದುಕೊಂಡು ಬ್ಯಾಟರಿಯಿಂದ ಕೊಡಲು ಶುರು ಮಾಡುತ್ತದೆ. ಅದರ ಕೆಲಸವೇ ಅದು, ಪಾಪ. ಹಾಲಿನ ಫ್ಯಾನ್, ಲೈಟು, ವೈಫೈ ಪಾಯಿಂಟ್ ಎಲ್ಲ ಜೀವಂತ.

ಚಿಕ್ಕ ಕಟ್ಟಡಗಳ ಕಥೆ ಬೇರೆ. ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಮನೆ ಇದ್ದದ್ದನ್ನು ಮೂರು ಪೋರ್ಷನ್ ಮಾಡಿ ಬಾಡಿಗೆಗೆ ಕೊಟ್ಟಿರುತ್ತಾರಲ್ಲ, ಅಂಥ ಕಡೆ ಜನರೇಟರ್ ಇರುವುದಿಲ್ಲ. ಆದರೆ ವೈರುಗಳು ಒಂದರೊಳಗೊಂದು ನುಗ್ಗಿರುತ್ತವೆ. ನಿಮ್ಮ ಬಾತ್‌ರೂಮಿನ ಗೀಸರ್ ಪಾಯಿಂಟ್ ಪಕ್ಕದ ಪೋರ್ಷನ್ ಮೀಟರಿಗೆ ಸೇರಿರಬಹುದು. ಮೆಟ್ಟಿಲ ಲೈಟು ಮೇಲಿನ ಮನೆ ಓನರ್ ಲೈನಿನಲ್ಲಿ, ಸಂಪ್ ಮೋಟರಿಗೆ ಎರಡು ಮನೆಯಲ್ಲಿ ಸ್ವಿಚ್. ಇದನ್ನು ಕಂಡುಹಿಡಿಯಲು ಒಂದೊಂದೇ ಮನೆಯ ಮೇನ್ ಇಳಿಸಿ, ಏನೇನು ಆರಿತು, ಏನೇನು ಉಳಿಯಿತು ಅಂತ ಪಟ್ಟಿ ಮಾಡುವುದೇ ದಾರಿ. ಬೇಜಾರಿನ ಕೆಲಸ. ಒಮ್ಮೆ ಮಾಡಿದರೆ ಬಾಡಿಗೆದಾರರು ಬದಲಾದರೂ ಪಟ್ಟಿ ಉಳಿಯುತ್ತದೆ.

ಎಲ್ಲಿಯವರೆಗೆ ಕೈ ಹಾಕಬಹುದು

ಮೀಟರ್ ಮತ್ತು ಅದಕ್ಕಿಂತ ಹಿಂದಿನದಕ್ಕೆ ನೀವು ಕೈ ಹಾಕುವಂತಿಲ್ಲ. ಸೀಲ್ ಒಡೆದು ಮೀಟರಿನಲ್ಲಿ ಕೈಯಾಡಿಸಿದರೆ 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಕೇಸ್ ಬೀಳಬಹುದು. ಅದಕ್ಕಿಂತ ಮುಖ್ಯ, ಆ ಭಾಗವನ್ನು ಆಫ್ ಮಾಡುವ ಸ್ವಿಚ್ ನಿಮ್ಮ ಹತ್ತಿರ ಇಲ್ಲ. ಅಲ್ಲಿ ಸುಟ್ಟ ವಾಸನೆ ಬಂದರೆ, ಕಿಡಿ ಕಂಡರೆ 1912ಕ್ಕೆ ಫೋನ್ ಮಾಡಿ ಬೆಸ್ಕಾಂನವರನ್ನು ಕರೆಸಿ. ಮೀಟರಿನಿಂದ ಈಚೆ, ಡಕ್ಟಿನಲ್ಲಿ ಹೋಗುವ ಲೈನು, ಕಾಮನ್ ಪ್ಯಾನೆಲ್, ಡಿಜಿ, ಲಿಫ್ಟು, ಪಂಪು ಇವೆಲ್ಲ ಅಸೋಸಿಯೇಷನ್ ಜವಾಬ್ದಾರಿ. ಅಲ್ಲಿನ ರಿಪೇರಿಯನ್ನು ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು. "ನಮ್ಮ ಹುಡುಗ ಎಲ್ಲ ಮಾಡ್ತಾನೆ" ಅನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ. ಮನೆಯೊಳಗೆ ಸ್ವಿಚ್ಚು, ಎಂಸಿಬಿ ಹಾಕುವುದು ಆರಿಸುವುದು ನಿಮ್ಮ ಕೆಲಸ. ಡಿಬಿಯ ಒಳಗಿನ ಕವರ್ ಬಿಚ್ಚುವುದು ಎಲೆಕ್ಟ್ರಿಷಿಯನ್ ಕೆಲಸ.

ಮೂವರಿಗೆ ಹೇಳಿ

ಮನೆಯವರಿಗೆ, ವಾಚ್‌ಮ್ಯಾನ್‌ಗೆ, ಕಟ್ಟಡ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್‌ಗೆ. ಈ ಮೂವರಲ್ಲಿ ವಾಚ್‌ಮ್ಯಾನ್ ಅತಿ ಮುಖ್ಯ ಅಂತ ನನ್ನ ಅಭಿಪ್ರಾಯ. "ನಮ್ಮನೇಲಿ ಮಾತ್ರ ಕರೆಂಟ್ ಇಲ್ಲ, ನೋಡಪ್ಪಾ" ಅಂತ ಯಾರು ಇಂಟರ್‌ಕಾಮ್‌ನಲ್ಲಿ ಕೂಗಿದರೂ ಮೊದಲು ಹೋಗಿ ಇಳಿದಿರುವ ಎಂಸಿಬಿಗಳನ್ನೆಲ್ಲ ಮೇಲೆತ್ತುವುದು ಅವರೇ. ಉಪಕಾರ ಮಾಡಲು ಹೋಗಿ ಅಪಾಯ ಆಗುತ್ತದೆ. ಅವರ ಹತ್ತಿರ ಸುಮ್ನೆ "ಕೆಲಸ ಇದೆ" ಅನ್ನಬೇಡಿ. "ಅಣ್ಣಾ, 304ರ ಮೇನ್ ಇಳಿಸಿದೀನಿ, ಬೀಗ ಹಾಕಿದೀನಿ. ನಾನೇ ಕೆಳಗೆ ಬಂದು ಹೇಳೋವರೆಗೂ ಯಾರು ಕೇಳಿದ್ರೂ ಮುಟ್ಟಬೇಡಿ" ಅಂತ ಬಿಡಿಸಿ ಹೇಳಿ. ಪಾಳಿ ಬದಲಾಗುವ ಹೊತ್ತು ಹತ್ತಿರ ಇದ್ದರೆ ಮುಂದಿನವರಿಗೂ ಹೇಳಿಸಿ. ಕಾಮನ್ ಲೈನ್ ತೆಗೆಯುವುದಾದರೆ ಅಸೋಸಿಯೇಷನ್ ವಾಟ್ಸಾಪ್ ಗುಂಪಿಗೆ ಹಿಂದಿನ ದಿನವೇ ಮೆಸೇಜ್ ಹಾಕಿ. ಮನೆಯಲ್ಲಿ ಆಕ್ಸಿಜನ್ ಮೆಷಿನ್ ಮೇಲೆ ಇರುವ ಹಿರಿಯರು ಯಾರಾದರೂ ಇದ್ದಾರಾ ಅಂತ ಅದರಲ್ಲೇ ಕೇಳಿ.

ಆಫ್ ಮಾಡುವ ಕ್ರಮ

ಒಂದು: ಎಸಿ, ಗೀಸರ್, ವಾಷಿಂಗ್ ಮೆಷಿನ್, ಇಂಡಕ್ಷನ್ ಸ್ಟವ್ ಎಲ್ಲ ಅವುಗಳ ಸ್ವಿಚ್ಚಿನಲ್ಲೇ ಆರಿಸಿ. ಲೋಡ್ ಇರುವಾಗ ಮೇನ್ ಎಳೆದರೆ ಒಳಗೆ ಕಿಡಿ ಹಾರಿ ಕಾಂಟ್ಯಾಕ್ಟ್ ಸವೆಯುತ್ತದೆ.

ಎರಡು: ಯುಪಿಎಸ್ ಮುಂದಿನ ಬಟನ್ ಆಫ್ ಮಾಡಿ. ಇಷ್ಟಕ್ಕೇ ಬಿಡಬೇಡಿ. ಆ ಬಟನ್ ಬ್ಯಾಟರಿಯಿಂದ ಕೊಡುವುದನ್ನು ಮಾತ್ರ ನಿಲ್ಲಿಸುತ್ತದೆ. ಬೆಸ್ಕಾಂ ಕರೆಂಟ್ ಇದ್ದರೆ ಬಟನ್ ಆಫ್ ಇದ್ದರೂ ಅದರೊಳಗಿಂದ ಹಾದು ಹೋಗುತ್ತಲೇ ಇರುತ್ತದೆ.

ಮೂರು: ಡಿಬಿಯಲ್ಲಿ ಒಂದೊಂದೇ ಎಂಸಿಬಿ ಇಳಿಸಿ, ಕೊನೆಗೆ ಮೇನ್ ಇಳಿಸಿ. ಮೂರು ಫೇಸ್ ಇರುವ ಮನೆಯಾದರೆ ಮೂರೂ ಒಟ್ಟಿಗೆ ಇಳಿಯುವ ಮೇನ್ ಇದೆಯಾ ನೋಡಿ. ಎರಡು ಫೇಸಿನ ವೈರುಗಳ ನಡುವೆ 400 ವೋಲ್ಟ್ ಆಸುಪಾಸು ಇರುತ್ತದೆ.

ನಾಲ್ಕು: ಈಗ ಯುಪಿಎಸ್‌ನ ಎರಡು ಪ್ಲಗ್ಗನ್ನೂ ಕಿತ್ತುಬಿಡಿ. ಒಂದು ಅದಕ್ಕೆ ಕರೆಂಟ್ ಬರುವ ಪ್ಲಗ್, ಇನ್ನೊಂದು ಅದರಿಂದ ಮನೆಗೆ ಹೋಗುವ ಪ್ಲಗ್. ಕಿತ್ತ ಪ್ಲಗ್ಗಿನ ಪಿನ್ನು ಮುಟ್ಟದೆ ಪಕ್ಕಕ್ಕಿಡಿ. ಹಿಂದುಗಡೆ ಬೈಪಾಸ್ ಸ್ವಿಚ್ ಇದ್ದರೆ ಅದನ್ನು ತಿರುಗಿಸಲು ಹೋಗಬೇಡಿ.

ಐದು: ಕೆಳಗಿನ ಮೀಟರ್ ಪಕ್ಕದ ಎಂಸಿಬಿ ಮತ್ತು ಡಿಜಿ ಲೈನಿನ ಎಂಸಿಬಿ. ಬರೀ ಬಲ್ಬ್ ಹೋಲ್ಡರ್ ಬದಲಿಸುವುದಾದರೆ ಡಿಬಿಯ ಮೇನ್, ಯುಪಿಎಸ್ ಎರಡನ್ನು ತೆಗೆದರೆ ಆದೀತು. ಡಿಬಿಯನ್ನೇ ಬಿಚ್ಚುವುದಾದರೆ ಈ ಹೆಜ್ಜೆ ಬಿಡುವಂತಿಲ್ಲ. ಮೇನ್ ಸ್ವಿಚ್ಚಿನ ಮೇಲಿನ ಟರ್ಮಿನಲ್ ಕೆಳಗಿನಿಂದ ಆಫ್ ಮಾಡುವವರೆಗೂ ಬದುಕಿಯೇ ಇರುತ್ತದೆ.

ಬೀಗ, ಚೀಟಿ

ಹಳೇ ಕಾಲದ ವೈರ್‌ಮ್ಯಾನ್‌ಗಳು ಪಿಂಗಾಣಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಫ್ಯೂಸ್ ಅವರ ಜೇಬಿನಲ್ಲಿ ಇರುವ ತನಕ ಯಾರೂ ಲೈನ್ ಹಾಕುವಂತಿರಲಿಲ್ಲ. ಎಂಸಿಬಿ ಬಂದ ಮೇಲೆ ಆ ಭದ್ರತೆ ಹೋಯಿತು, ಒಂದು ಬೆರಳಿದ್ದರೆ ಸಾಕು. ಅದಕ್ಕೇ ಎಂಸಿಬಿ ಲಾಕ್ ಅಂತ ಸಿಗುತ್ತದೆ. ಇಳಿಸಿದ ಎಂಸಿಬಿಯ ಹಿಡಿಯ ಮೇಲೆ ಕೂರಿಸಿ, ಸಣ್ಣ ಬೀಗ ಹಾಕಿ, ಕೀಲಿ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು. ಬಿವಿಕೆ ಅಯ್ಯಂಗಾರ್ ರಸ್ತೆ, ಎಸ್‌ಪಿ ರೋಡ್ ಕಡೆ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿ ನೋಡಿ, ಆನ್‌ಲೈನಿನಲ್ಲೂ ಸಿಗುತ್ತದೆ. ಕಂಪನಿಯಿಂದ ಕಂಪನಿಗೆ ಹಿಡಿಯ ಆಕಾರ ಬೇರೆ, ಆದ್ದರಿಂದ ನಿಮ್ಮ ಎಂಸಿಬಿಯ ಫೋಟೋ ತೆಗೆದುಕೊಂಡು ಹೋಗಿ. ಅಸೋಸಿಯೇಷನ್ ಒಂದು ನಾಲ್ಕು ತಂದು ಸೆಕ್ಯುರಿಟಿ ಕ್ಯಾಬಿನ್‌ನಲ್ಲಿ ಇಟ್ಟರೆ ಎಲ್ಲರಿಗೂ ಆಗುತ್ತದೆ. ದೀಪಾವಳಿ ಸೀರಿಯಲ್ ಸೆಟ್‌ಗೆ ಖರ್ಚು ಮಾಡುವ ಕಮಿಟಿಗೆ ಇದು ಭಾರ ಆಗಲಾರದು.

ಬೀಗದ ಜೊತೆ ಚೀಟಿ. "ಕೆಲಸ ನಡೆಯುತ್ತಿದೆ, ಆನ್ ಮಾಡಬೇಡಿ", ಕೆಳಗೆ ಫ್ಲಾಟ್ ನಂಬರ್, ಫೋನ್ ನಂಬರ್, ಯಾವ ಹೊತ್ತಿಗೆ ಹಾಕಿದ್ದು. ಕನ್ನಡದಲ್ಲೂ ಹಿಂದಿಯಲ್ಲೂ ಬರೆಯಿರಿ, ಈಗಿನ ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು ಎಲ್ಲ ಊರಿನವರೂ ಇರುತ್ತಾರೆ. ಓದು ಬಾರದವರೂ ಇರುತ್ತಾರೆ, ಅದಕ್ಕೇ ಬೀಗ ಮೊದಲು, ಚೀಟಿ ಆಮೇಲೆ. ಬೀಗ ಸಿಗಲಿಲ್ಲ ಅಂದರೆ ಪ್ಯಾನೆಲ್ ಬಾಗಿಲಿಗೇ ಬೀಗ ಹಾಕಿಸಿ. ಅದೂ ಆಗದಿದ್ದರೆ ಅಲ್ಲಿ ಒಬ್ಬರನ್ನು ನಿಲ್ಲಿಸಿ. ಸೆಲ್ಲೋ ಟೇಪ್ ಅಂಟಿಸಿದ್ದು ಬೀಗ ಅಲ್ಲ.

ಕರೆಂಟ್ ನಿಜವಾಗಿ ಹೋಗಿದೆಯಾ

ದೀಪ ಆರಿದರೆ ಕರೆಂಟ್ ಹೋಗಿದೆ ಅಂತ ಅಲ್ಲ. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರ್ ಕಟ್ ಆಗಿದ್ದರೂ ದೀಪ ಆರುತ್ತದೆ, ಕರೆಂಟ್ ತರುವ ಫೇಸ್ ವೈರ್ ಜೀವಂತವಾಗೇ ಇರುತ್ತದೆ. ನಿಯಾನ್ ಟೆಸ್ಟರ್ ಎಲ್ಲರ ಮನೆಯಲ್ಲೂ ಇದೆ, ಆದರೆ ಅದೊಂದನ್ನೇ ನಂಬಬೇಡಿ. ಬಾಲ್ಕನಿ ಬಿಸಿಲಿಗೆ ಅದರ ಬೆಳಕು ಕಾಣುವುದಿಲ್ಲ. ಒಣಗಿದ ಮರದ ಸ್ಟೂಲಿನ ಮೇಲೆ, ರಬ್ಬರ್ ಚಪ್ಪಲಿ ಹಾಕಿ ನಿಂತರೆ ಮಂಕಾಗುತ್ತದೆ. ಮುಟ್ಟದೆಯೇ ಕೀಂ ಅನ್ನುವ ಪೆನ್ ಟೆಸ್ಟರ್ ಎಲ್ಲೋ ಕರೆಂಟ್ ಇದೆ ಅಂತ ಎಚ್ಚರಿಸುತ್ತದೆ, ಇಲ್ಲ ಅಂತ ಸಾಬೀತು ಮಾಡುವುದಿಲ್ಲ.

ಎರಡು ಕಡ್ಡಿಯ ಟೆಸ್ಟರ್ ಅಥವಾ ಮಲ್ಟಿಮೀಟರ್ ಬೇಕು. ಎಲೆಕ್ಟ್ರಿಷಿಯನ್ ಹತ್ತಿರ ಇದೆಯಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಬೇರೆಯವರನ್ನು ಕರೆಯಿರಿ, ಮುಲಾಜು ಬೇಡ. ನೋಡುವ ಕ್ರಮ ಹೀಗೆ: ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಪ್ಲಗ್ ಪಾಯಿಂಟಿನಲ್ಲಿ ಮೀಟರ್ ಇಟ್ಟು 230ರ ಆಸುಪಾಸು ತೋರಿಸುತ್ತದಾ ನೋಡಬೇಕು. ಆಮೇಲೆ ಕೆಲಸ ಮಾಡುವ ಜಾಗದಲ್ಲಿ. ಆಮೇಲೆ ಮತ್ತೆ ಆ ಮೊದಲಿನ ಪಾಯಿಂಟಿನಲ್ಲಿ. ಮೂರನೇದು ಯಾಕೆ ಅಂದರೆ, ನಡುವೆ ಮೀಟರಿನ ವೈರ್ ಕಳಚಿದ್ದರೂ ಸೊನ್ನೆಯೇ ತೋರಿಸುತ್ತದೆ ಅಲ್ವಾ? ಮನೆಯಲ್ಲಿ ಎಲ್ಲ ಆಫ್ ಮಾಡಿರುವುದರಿಂದ ಕರೆಂಟ್ ಇರುವ ಪಾಯಿಂಟ್ ಎಲ್ಲಿ ಸಿಗುತ್ತದೆ ಅಂತ ಪ್ರಶ್ನೆ ಬರುತ್ತದೆ. ಕಾರಿಡಾರಿನಲ್ಲಿ ಕಸ ಗುಡಿಸುವವರು ಮೆಷಿನ್ ಹಾಕುವ ಪಾಯಿಂಟ್ ಇರುತ್ತದೆ, ಅದು ಕಾಮನ್ ಲೈನ್. ಇಲ್ಲವೇ ಎದುರು ಮನೆಯವರನ್ನು ಕೇಳಿ.

ಕೆಲಸದ ಜಾಗದಲ್ಲಿ ಒಂದು ಜೋಡಿ ನೋಡಿದರೆ ಸಾಲದು. ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ, ಮೂರೂ ಕಡೆ. ಕೆಲವೊಮ್ಮೆ ಮೀಟರ್ ಮೂವತ್ತೋ ನಲವತ್ತೋ ವೋಲ್ಟ್ ತೋರಿಸಿ ಕುಣಿಯುತ್ತಿರುತ್ತದೆ. ಅದೇ ಪೈಪಿನಲ್ಲಿ ಬೇರೆ ವೈರ್ ಜೀವಂತ ಇದ್ದರೆ ಹೀಗಾಗುತ್ತದೆ. "ಅದೇನಿಲ್ಲ ಸಾರ್, ಇಂಡಕ್ಷನ್" ಅಂದರೆ ಒಪ್ಪಿಕೊಂಡು ಬಿಡಬೇಡಿ. ಆ ಜೀವಂತ ವೈರ್ ಯಾವುದು, ಅದು ಎಲ್ಲಿಂದ ಬಂತು ಅಂತ ಹುಡುಕಿಸಿ.

ನ್ಯೂಟ್ರಲ್ ವಿಷಯ ಬಿಡಿಸಿ ಹೇಳಲೇಬೇಕು. ಮನೆಗಳಲ್ಲಿ ಯುಪಿಎಸ್ ಹಾಕುವಾಗ ಸಾಮಾನ್ಯವಾಗಿ ಫೇಸ್ ಮಾತ್ರ ಬೇರೆ ಎಳೆಯುತ್ತಾರೆ, ನ್ಯೂಟ್ರಲ್ ಎಲ್ಲದಕ್ಕೂ ಒಂದೇ. ಈಗ ಬೆಡ್‌ರೂಮ್ ಎಂಸಿಬಿ ಒಂದನ್ನೇ ಇಳಿಸಿ, ಯುಪಿಎಸ್ ನಡೆಯುತ್ತಿರುವಾಗಲೇ ಬೋರ್ಡಿನ ಕಪ್ಪು ವೈರುಗಳ ಗಂಟು ಬಿಚ್ಚಿದರು ಅನ್ನಿ. ಹಾಲಿನ ಫ್ಯಾನಿನ ಮೂಲಕ ಹಾದು ಬಂದ ಕರೆಂಟ್ ಆ ಗಂಟಿನಿಂದಲೇ ವಾಪಸ್ ಹೋಗುತ್ತಿತ್ತು. ಗಂಟು ಬಿಚ್ಚಿದ ಕೂಡಲೇ ಫ್ಯಾನ್ ಕಡೆಯ ತುದಿಯಲ್ಲಿ ಪೂರ್ತಿ ವೋಲ್ಟೇಜ್ ಬಂದು ನಿಲ್ಲುತ್ತದೆ. "ನ್ಯೂಟ್ರಲ್ ಅಲ್ವಾ, ಏನೂ ಆಗಲ್ಲ" ಅಂತ ಹಿಡಿದವರಿಗೆ ಶಾಕ್ ಹೊಡೆಯುವುದು ಹೀಗೆ. ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿದರೂ ಅದೇ ಅರ್ಥ, ನ್ಯೂಟ್ರಲ್ ಎಲ್ಲೋ ಕಡಿದಿದೆ. ಒಂದು ಸರ್ಕಿಟ್ ಮಾತ್ರ ಇಳಿಸುವುದಕ್ಕಿಂತ, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಮೇನ್ ಇಳಿಸಿ ಯುಪಿಎಸ್ ಕೂಡ ಕಿತ್ತಿಡುವುದು ಇದಕ್ಕೇ.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗೇ ಬೀಳುವ ಸ್ವಿಚ್) ಇದೆ, ಏನೂ ಆಗಲ್ಲ ಅನ್ನುವವರೂ ಇದ್ದಾರೆ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಮನೆಗೆ ಬೇಕೇ ಬೇಕು, ಅದರ ಮೇಲಿನ ಟೆಸ್ಟ್ ಬಟನ್ ಆಗಾಗ ಒತ್ತಿ ಬೀಳುತ್ತದಾ ನೋಡುತ್ತಿರಬೇಕು. ಆದರೆ ಅದು ದೇಹದಿಂದ ನೆಲಕ್ಕೆ ಹರಿಯುವ ಕರೆಂಟನ್ನು ಮಾತ್ರ ಹಿಡಿಯುತ್ತದೆ. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲ್‌ಗೆ ತಗಲಿದರೆ ಅದಕ್ಕೆ ನೀವೂ ಒಂದು ಬಲ್ಬ್ ಅಷ್ಟೇ. ಯುಪಿಎಸ್ ಲೈನ್ ಹಲವು ಮನೆಗಳಲ್ಲಿ ಅದರ ಕಾವಲಿನಿಂದ ಹೊರಗೇ ಇರುತ್ತದೆ.

ಟೆರೇಸ್ ಮತ್ತು ಬೇಸ್‌ಮೆಂಟ್

ಟೆರೇಸಿನಲ್ಲಿ ಸಾಲಾಗಿ ಸೋಲಾರ್ ವಾಟರ್ ಹೀಟರ್ ಟ್ಯಾಂಕುಗಳು ಇರುತ್ತವೆ. ಮೋಡದ ದಿನಕ್ಕೆ ಅಂತ ಒಳಗೆ ಹೀಟಿಂಗ್ ಕಾಯಿಲ್ ಇಟ್ಟಿರುತ್ತಾರೆ. ಅದರ ಸ್ವಿಚ್ ಟೆರೇಸಿನಲ್ಲಿ ಇರುವುದಿಲ್ಲ, ಆಯಾ ಫ್ಲಾಟಿನೊಳಗೆ ಇರುತ್ತದೆ. ಪ್ಲಂಬರ್ ಮೇಲೆ ಒದ್ದೆ ಕೈಯಲ್ಲಿ ಟ್ಯಾಂಕ್ ಬಿಚ್ಚುತ್ತಿದ್ದಾಗ ಕೆಳಗೆ ಯಾರೋ ಸ್ನಾನಕ್ಕೆ ಅಂತ ಸ್ವಿಚ್ ಹಾಕಬಹುದು. ಟ್ಯಾಂಕ್ ಕೆಲಸ ಅಂದರೂ ಆ ಮನೆಯ ಎಂಸಿಬಿ ಇಳಿಸಿ ಬೀಗ ಹಾಕಬೇಕು. ಕರೆಂಟ್ ತಯಾರಿಸುವ ಸೋಲಾರ್ ಪ್ಯಾನೆಲ್ ಇದ್ದರೆ ಇನ್ನೂ ಎಚ್ಚರ. ಅದರ ಇನ್ವರ್ಟರ್ (ಪ್ಯಾನೆಲಿನ ಡಿಸಿ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ಆಫ್ ಮಾಡಿದರೂ ಬಿಸಿಲು ಇರುವವರೆಗೆ ಪ್ಯಾನೆಲ್‌ನಿಂದ ಇನ್ವರ್ಟರ್‌ವರೆಗಿನ ವೈರಿನಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ. ಅದು ಹಾಕಿಕೊಟ್ಟವರನ್ನೇ ಕರೆಸಬೇಕು.

ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ನಿಯಮ ಒಂದೇ: ನೀರಿಗೆ ಇಳಿಯಬೇಡಿ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟುಗಳು ಹೇಗೆ ತುಂಬಿದವು ಅಂತ ಎಲ್ಲರೂ ನೋಡಿದ್ದೇವೆ. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಲೇಔಟ್ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟಿನ ನೀರು ಹೊರಗೆ ಹಾಕುವಾಗ ಶಾಕ್ ಹೊಡೆದು ಇಬ್ಬರು ಸತ್ತರು, ಒಬ್ಬ ಚಿಕ್ಕ ಹುಡುಗ. ಮೀಟರ್ ಪ್ಯಾನೆಲ್ಲೇ ನೀರಿನಲ್ಲಿ ಇದ್ದರೆ ಅದನ್ನು ಆಫ್ ಮಾಡಲು ನೀವು ಹೋಗುವಂತಿಲ್ಲ. 1912ಕ್ಕೆ ಹೇಳಿ ಹೊರಗಿನಿಂದಲೇ ಲೈನ್ ತೆಗೆಸಿ. ಜನರೇಟರ್ ತಾನಾಗೇ ಸ್ಟಾರ್ಟ್ ಆಗದಂತೆ, ಒಣ ಜಾಗದಲ್ಲಿ ನಿಂತು ಮಾಡಲು ಆದರೆ, ಅದರ ಪ್ಯಾನೆಲ್ಲನ್ನು ಆಫ್‌ಗೆ ತಿರುಗಿಸಿ. ಇವೆರಡೂ ಆಗುವ ತನಕ ಪಂಪ್ ಇಳಿಸಬೇಡಿ, ಕಾರು ತೆಗೆಯಲು ಹೋಗಬೇಡಿ. ಕಾಮನ್ ಪ್ಯಾನೆಲ್ ಯಾವಾಗ ತೆಗೆದರೂ ಲಿಫ್ಟ್ ಖಾಲಿ ಇದೆಯಾ ನೋಡಿ, ಬಾಗಿಲು ತೆರೆದು ನಿಲ್ಲಿಸಿದ ಮೇಲೆ ತೆಗೆಯಿರಿ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಅವರನ್ನು ಮುಟ್ಟಬೇಡಿ. ಮೇನ್ ಇಳಿಸಿ. ಆಗದಿದ್ದರೆ ಒಣ ಮರದ ಕೋಲಿನಲ್ಲೋ ಪ್ಲಾಸ್ಟಿಕ್ ಕುರ್ಚಿಯಲ್ಲೋ ದೂಡಿ ಬಿಡಿಸಿ. 108ಕ್ಕೆ ಫೋನ್ ಮಾಡಿ. ಉಸಿರಾಟ ಇಲ್ಲದಿದ್ದರೆ ಎದೆಯ ಮಧ್ಯ ಗಟ್ಟಿಯಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಆಮೇಲೆ ಎದ್ದು ಕೂತು "ಏನಿಲ್ಲ, ಚೆನ್ನಾಗಿದೀನಿ" ಅಂದರೂ ಆಸ್ಪತ್ರೆಗೆ ತೋರಿಸಿ.

ಮತ್ತೆ ಹಾಕುವಾಗ

ಬೀಗ ತೆಗೆಯುವವರು ಹಾಕಿದವರೇ ಆಗಿರಬೇಕು. ಹಾಕುವ ಮೊದಲು ಎಲ್ಲ ಬೋರ್ಡಿನ ಕವರ್ ಕೂತಿದೆಯಾ, ಬರಿ ವೈರ್ ಎಲ್ಲೂ ನೇತಾಡುತ್ತಿಲ್ಲವಾ ಅಂತ ಒಂದು ಸುತ್ತು ಬನ್ನಿ. ಕೆಲಸದವರು ಎಲ್ಲರೂ ಕಣ್ಣೆದುರು ಇರಲಿ, ಒಬ್ಬರು ಬಾತ್‌ರೂಮಿನಲ್ಲಿ ಗೀಸರ್ ಬಿಗಿ ಮಾಡುತ್ತಾ ಇರುವುದು ಬೇಡ. ಕೆಳಗಿನ ಮೀಟರ್ ಎಂಸಿಬಿ, ಡಿಜಿ ಎಂಸಿಬಿ, ಆಮೇಲೆ ಮನೆಯ ಮೇನ್, ಆಮೇಲೆ ಒಂದೊಂದೇ ಎಂಸಿಬಿ. ಯಾವುದಾದರೂ ತಕ್ಷಣ ಬಿದ್ದರೆ ಮತ್ತೆ ಮತ್ತೆ ಎತ್ತಬೇಡಿ, ಅದನ್ನು ಇಳಿಸಿಟ್ಟು ಹುಡುಕಿಸಿ. ಆರ್‌ಸಿಸಿಬಿ ಟೆಸ್ಟ್ ಬಟನ್ ಒಮ್ಮೆ ಒತ್ತಿ ನೋಡಿ. ಯುಪಿಎಸ್ ಕೊನೆಗೆ. ವಾಚ್‌ಮ್ಯಾನ್‌ಗೆ ಕೆಲಸ ಮುಗಿಯಿತು ಅಂತ ಹೇಳಿ, ಚೀಟಿ ಕಿತ್ತು ತನ್ನಿ. ಹಳೇ ಚೀಟಿ ಅಲ್ಲೇ ನೇತಾಡುತ್ತಿದ್ದರೆ ಮುಂದಿನ ಸಲ ನಿಜವಾದ ಚೀಟಿಯನ್ನೂ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಭಾನುವಾರ ಬರೆದ ಆ ನಕ್ಷೆಯಲ್ಲಿ ಏನಾದರೂ ತಪ್ಪು ಕಂಡಿದ್ದರೆ ಈಗಲೇ ತಿದ್ದಿ, ಡಿಬಿ ಬಾಗಿಲಿನ ಒಳಗೆ ಅಂಟಿಸಿ. ಬಾಡಿಗೆ ಮನೆಯಾದರೆ ಒಂದು ಫೋಟೋ ಓನರ್‌ಗೂ ಕಳಿಸಿ.